ಕೇಸಾನ್: ನಾಲ್ಕು ವರ್ಷ ಬಳಸಿದ ಮೇಲೆ

ಕಲಬುರಗಿಯ ಮನೆಯಲ್ಲೇ ಕೂತು ಲಿನಕ್ಸ್ ಡ್ರೈವರ್, ಅಂದರೆ ಸಾಧನಗಳನ್ನು ನಡೆಸುವ ಕೋಡ್, ಬರೆಯುವುದು ನನ್ನ ಕೆಲಸ. ಕೇಸಾನ್ ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಮೆಮೊರಿಯನ್ನು ತಪ್ಪಾಗಿ ಮುಟ್ಟುವ ಕೋಡನ್ನು ಹಿಡಿಯುವ ಟೂಲ್. ಅದನ್ನು ಮೊದಲ ಸಲ ಆನ್ ಮಾಡಿದ್ದು ಒಂದು ಮೇ ತಿಂಗಳಲ್ಲಿ. ಟೆಸ್ಟ್ ಮಷಿನ್ ವಾರಕ್ಕೊಮ್ಮೆ ಬೀಳುತ್ತಿತ್ತು, ಅದೂ ಪ್ರತಿ ಸಲ ಬೇರೆ ಬೇರೆ ಕಡೆ. ಒಮ್ಮೆ ಫೈಲ್ ಸಿಸ್ಟಂ ಕೋಡಿನಲ್ಲಿ, ಇನ್ನೊಮ್ಮೆ ನೆಟ್‌ವರ್ಕ್‌ನಲ್ಲಿ. ಜೊತೆಗಿದ್ದ ಹುಡುಗ "ಸರ್, ಬಿಸಿಲಿಗಿ ರ್‍ಯಾಮ್ ಕೆಟ್ಟದ ಅನಸ್ತದ್ರಿ" ಅಂದ. ನಲವತ್ತೆರಡು ಡಿಗ್ರಿ ದಾಟಿದ ಊರಲ್ಲಿ ಅದು ತೆಗೆದುಹಾಕುವ ಮಾತಲ್ಲ. ರ್‍ಯಾಮ್ ಬದಲಿಸಿದೆವು. ಮತ್ತೆ ಬಿತ್ತು.

ಫ್ರೀ ಆದ, ಅಂದರೆ ಬಳಸಿ ಮರಳಿಸಿದ, ಮೆಮೊರಿಯ ತುಂಬ 6ಬಿ ಎಂಬ ಗುರುತು ಬರೆಯುವ ಸ್ಲಬ್ ಪಾಯಿಸನಿಂಗ್ ಹಾಕಿದಾಗ ಸಿಪಿಯುನ ಒಂದು ರಿಜಿಸ್ಟರ್ ತುಂಬ 6ಬಿ6ಬಿ6ಬಿ6ಬಿ. ಅಂದರೆ ಫ್ರೀ ಆದ ಮೆಮೊರಿಯನ್ನು ಯಾರೋ ಓದಿದ್ದಾರೆ. ಯಾರು ಫ್ರೀ ಮಾಡಿದ್ದು ಅನ್ನುವುದು ಮಾತ್ರ ಅಲ್ಲಿ ಇರಲಿಲ್ಲ. ಕೇಸಾನ್ ಹಾಕಿ ಬಿಲ್ಡ್ ಮಾಡಿದೆ, ಆ ಸಂಜೆಯೇ ವರದಿ ಬಂತು. ಒಂದರ ಕೆಳಗೊಂದು ಮೂರು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ): ಮುಟ್ಟಿದ್ದು ಯಾರು, ಮೊದಲು ಕೇಳಿ ಪಡೆದದ್ದು (ಅಲೊಕೇಟ್) ಯಾರು, ಫ್ರೀ ಮಾಡಿದ್ದು ಯಾರು. ಮುಟ್ಟಿದ್ದು ನನ್ನದೇ ಟೈಮರ್ ಕಾಲ್‌ಬ್ಯಾಕ್, ಅಂದರೆ ಹೊತ್ತು ಬಂದಾಗ ತಾನೇ ಓಡುವ ಫಂಕ್ಷನ್. ಡ್ರೈವರ್ ತೆಗೆಯುವಾಗ ನಾನು ಟೈಮರ್ ರದ್ದು ಮಾಡುವ ಡೆಲ್_ಟೈಮರ್ ಕರೆದು ಕೂಡಲೇ ಕೆಫ್ರೀಯಿಂದ ಮೆಮೊರಿ ಬಿಟ್ಟುಕೊಟ್ಟಿದ್ದೆ. ಇನ್ನೊಂದು ಸಿಪಿಯುನಲ್ಲಿ ಆಗಲೇ ಓಡುತ್ತಿರುವ ಕಾಲ್‌ಬ್ಯಾಕ್ ಮುಗಿಯುವ ತನಕ ಡೆಲ್_ಟೈಮರ್ ಕಾಯುವುದಿಲ್ಲ, ಕಾಯುವುದು ಅದರ ಸಿಂಕ್ ರೂಪ. ಒಂದೇ ಸಾಲು ತಿದ್ದಿದೆ. ಆಮೇಲೆ ಆ ಮಷಿನ್ ಬಿದ್ದಿಲ್ಲ.

ಕೇಸಾನ್ ಲಿನಕ್ಸ್‌ಗೆ ಸೇರಿದ್ದು 2015ರಲ್ಲಿ, 4.0 ಆವೃತ್ತಿಯಲ್ಲಿ. ನಾನು ಬಳಸುವ ಜೆನೆರಿಕ್ ಬಗೆಯಲ್ಲಿ ಮೆಮೊರಿಯ ಪ್ರತಿ 8 ಬೈಟಿಗೆ, ಅವುಗಳಲ್ಲಿ ಎಷ್ಟನ್ನು ಮುಟ್ಟಬಹುದು ಎಂದು ಹೇಳುವ 1 ನೆರಳು ಬೈಟ್ ಇರುತ್ತದೆ. 13 ಬೈಟ್ ಕೇಳಿದರೆ ಮೊದಲ ನೆರಳಿನಲ್ಲಿ 0, ಅಂದರೆ ಎಂಟೂ ನಿಮ್ಮವು. ಎರಡನೆಯದರಲ್ಲಿ 5, ಆರನೆಯದನ್ನು ಮುಟ್ಟಿದರೆ ಸಿಕ್ಕಿಬಿದ್ದಿರಿ. ಕಂಪೈಲರ್ ಪ್ರತಿ ಓದು-ಬರಹದ ಮುಂಚೆ ಈ ನೆರಳನ್ನು ನೋಡುವ ಕೋಡ್ ಸೇರಿಸುತ್ತದೆ. ನನಗೆ ಬಹಳ ಹಿಡಿಸಿದ್ದು ಕ್ವಾರಂಟೀನ್. ಫ್ರೀ ಆದದ್ದನ್ನು ತಕ್ಷಣ ಇನ್ನೊಬ್ಬರಿಗೆ ಕೊಡದೆ ಕೆಲ ಹೊತ್ತು ಹಿಡಿದಿಡುತ್ತದೆ. ನನ್ನ ಟೈಮರ್ ಸಿಕ್ಕಿದ್ದೇ ಅದರಿಂದ, ಇಲ್ಲದಿದ್ದರೆ ಆ ಜಾಗ ಮತ್ತೆ ಯಾರದೋ ಪಾಲಾಗಿ ಎಲ್ಲವೂ ಸರಿಯಿದ್ದಂತೆ ಕಾಣುತ್ತಿತ್ತು.

ಭಾರ ಇದೆ, ಅದನ್ನು ಮುಚ್ಚಿಡುವುದಿಲ್ಲ. 8 ಜಿಬಿ ಮಷಿನ್‌ನಲ್ಲಿ ನೆರಳಿಗೇ 1 ಜಿಬಿ ಹೋಗುತ್ತದೆ, ವೇಗವೂ ಚೆನ್ನಾಗಿಯೇ ಇಳಿಯುತ್ತದೆ. ಮೊದಲ ತಪ್ಪನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ, ಎಲ್ಲವೂ ಬೇಕಿದ್ದರೆ ಬೂಟ್ ಸಾಲಿನಲ್ಲಿ ಕೇಸಾನ್_ಮಲ್ಟಿ_ಶಾಟ್ ಸೇರಿಸಬೇಕು. ಇದು ಗೊತ್ತಾಗದೆ ನನ್ನ ಎರಡು ದಿನ ಹೋಯಿತು.

ದೊಡ್ಡ ಕೊರತೆ ಬೇರೆ ಇದೆ. ಸಾಧನವೇ ಡಿಎಂಎ ಮೂಲಕ, ಅಂದರೆ ಸಿಪಿಯು ನಡುವೆ ಇಲ್ಲದೆ ನೇರವಾಗಿ, ತಪ್ಪು ಜಾಗಕ್ಕೆ ಬರೆದರೆ ಕೇಸಾನ್‌ಗೆ ಅದು ಕಾಣುವುದೇ ಇಲ್ಲ, ಏಕೆಂದರೆ ಆ ಬರಹ ಕಂಪೈಲರ್ ಕಣ್ಣಿಗೆ ಬೀಳುವಂಥದ್ದಲ್ಲ. ಹೋದ ವರ್ಷ ಅಂಥದ್ದೊಂದು ಬಂದಾಗ ಮತ್ತೆ ಹಳೆಯ ದಾರಿ, ಬಫರಿನ ಅಳತೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದು ಕೂತೆ. ಸೋರಿಕೆ, ಅಂದರೆ ಪಡೆದು ಮರಳಿಸದೇ ಉಳಿದ ಮೆಮೊರಿ, ಹುಡುಕಲೂ ಇದು ಬರುವುದಿಲ್ಲ, ಅದಕ್ಕೆ ಕೆಮೆಮ್‌ಲೀಕ್ ಎಂಬ ಬೇರೆ ಟೂಲ್ ಇದೆ.

ಇಷ್ಟು ಭಾರದ ಕೇಸಾನ್ ಅನ್ನು ಗ್ರಾಹಕರ ಮಷಿನ್‌ಗೆ ಕಳಿಸಲಾಗದು. ಅಲ್ಲಿಗೆ ನಾನು ಲಿನಕ್ಸ್ 5.12ರಲ್ಲಿ ಬಂದ, ಇದೇ ಬಗೆಯ ಹಗುರ ಟೂಲ್ ಕೆಫೆನ್ಸ್ ಹಾಕುತ್ತೇನೆ. ಅದು ಎಲ್ಲ ಅಲೊಕೇಶನ್ ನೋಡದೆ ಆಗೊಂದು ಈಗೊಂದು ಆರಿಸಿಕೊಳ್ಳುತ್ತದೆ, ಸುಮಾರು 2 ಎಂಬಿ ಸಾಕು. ನನ್ನ ಟೆಸ್ಟ್ ಬಿಲ್ಡ್‌ಗಳಲ್ಲಿ ಮಾತ್ರ ಕೇಸಾನ್ ಈ ನಾಲ್ಕು ವರ್ಷ ಒಂದು ದಿನವೂ ಆಫ್ ಆಗಿಲ್ಲ.