ಓಟ್ಸ್, ಬಾರ್ಲಿ, ಇಸಬ್‌ಗೋಲ್: ಕೊಲೆಸ್ಟರಾಲ್‌ಗೆ ಯಾವ ಲೋಳೆ?

ಲಿವರ್ ಪಿತ್ತಲವಣಗಳನ್ನು ತಯಾರಿಸುವುದು ಕೊಲೆಸ್ಟರಾಲ್‌ನಿಂದಲೇ. ಊಟದ ಜಿಡ್ಡು ಜೀರ್ಣವಾಗಲೆಂದು ಕರುಳಿಗಿಳಿಯುವ ಈ ಲವಣಗಳಲ್ಲಿ ಸುಮಾರು ಶೇ. 95ರಷ್ಟು ಸಣ್ಣಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು ಲಿವರ್‌ಗೇ ಮರಳುತ್ತವೆ. ಲೋಳೆಯಾಗುವ ನಾರು ಅವುಗಳನ್ನು ತನ್ನೊಳಗೆ ಸಿಕ್ಕಿಸಿಕೊಂಡರೆ ಒಂದಷ್ಟು ಮಲದ ಜೊತೆ ಹೊರಟುಹೋಗುತ್ತವೆ. ಆ ಕೊರತೆ ತುಂಬಲು ಲಿವರ್ ಹೊಸದಾಗಿ ಪಿತ್ತಲವಣ ಮಾಡಬೇಕು, ಅದಕ್ಕಾಗಿ ರಕ್ತದಿಂದ ಎಲ್‌ಡಿಎಲ್ ಅನ್ನು, ಅಂದರೆ ‘ಕೆಟ್ಟ’ ಕೊಲೆಸ್ಟರಾಲನ್ನು, ಎಳೆದುಕೊಳ್ಳುತ್ತದೆ.

ಹಾಗಾಗಿ ನಾರೆಲ್ಲ ಒಂದೇ ಅಲ್ಲ. ರಾಗಿ ಅಂಬಲಿ ಗಟ್ಟಿಯಾಗುವುದು ಪಿಷ್ಟದಿಂದ. ಅದು ಕರುಳಲ್ಲಿ ಜೀರ್ಣವಾಗಿಬಿಡುತ್ತದೆ. ರಾಗಿಯ ನಾರಿನಲ್ಲಿ ಬಹುಪಾಲು ನೀರಿನಲ್ಲಿ ಕರಗದ್ದು. ರಾಗಿ ಬಿಡಿ ಎಂದು ಹೇಳುತ್ತಿಲ್ಲ, ಆದರೆ ಈ ಕೆಲಸಕ್ಕೆ ಅದನ್ನು ನಂಬಬೇಡಿ.

ಓಟ್ಸ್, ಬಾರ್ಲಿ, ಇಸಬ್‌ಗೋಲ್ ಮೂರನ್ನೂ ಒಂದಾದ ಮೇಲೊಂದರಂತೆ ಕೆಲವು ತಿಂಗಳು ನಡೆಸಿ, ಪ್ರತಿ ಸಲವೂ ರಕ್ತಪರೀಕ್ಷೆ ಮಾಡಿಸಿದೆ. ಎಲ್‌ಡಿಎಲ್ ಹೆಚ್ಚು ಇಳಿದದ್ದು ಇಸಬ್‌ಗೋಲ್‌ನಲ್ಲಿ, ಸ್ವಲ್ಪ ಹಿಂದೆ ಬಾರ್ಲಿ. ಒಬ್ಬರ ಮೈಯಲ್ಲಿ ಕಂಡದ್ದು ಎಲ್ಲರಿಗೂ ಹಾಗೇ ಆಗಬೇಕೆಂದಿಲ್ಲ.

ಓಟ್ಸ್‌ಗೆ ಹೆಸರು ದೊಡ್ಡದು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಅದರ ಪೊಟ್ಟಣದ ಮೇಲೆ ಹೃದಯಕ್ಕೆ ಒಳ್ಳೆಯದೆಂಬ ಮಾತು ಬರೆಯಲು ಒಪ್ಪಿತು. ಅದು ಹೇಳಿದ ಪ್ರಮಾಣ ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕನ್, ಅಂದರೆ ಓಟ್ಸ್‌ನ ಲೋಳೆಯಾಗುವ ನಾರು. ಅಷ್ಟು ಸಿಗಲು ಸುಮಾರು 75 ಗ್ರಾಂ ಒಣ ಓಟ್ಸ್ ಬೇಕು. ಸಣ್ಣ ಮಸಾಲಾ ಓಟ್ಸ್ ಪೊಟ್ಟಣದಲ್ಲಿ ಅದರ ಅರ್ಧವಷ್ಟೇ ಇರುತ್ತದೆ, ಉಪ್ಪು ಮಾತ್ರ ಧಾರಾಳ. ದಿನವೂ ಅಷ್ಟು ಓಟ್ಸ್ ತಿನ್ನಲು ನನ್ನ ನಾಲಿಗೆ ಒಪ್ಪಲಿಲ್ಲ.

ಬಾರ್ಲಿಯಲ್ಲಿರುವುದೂ ಬೀಟಾ-ಗ್ಲೂಕನ್ನೇ. ಓಟ್ಸ್‌ನಲ್ಲಿ ಅದು ಹೆಚ್ಚಾಗಿ ಹೊರಪದರದ ಕಡೆಗಿದ್ದರೆ, ಬಾರ್ಲಿಯಲ್ಲಿ ಕಾಳಿನ ತುಂಬ ಹರಡಿದೆ. ಅದಕ್ಕೇ ಅಂಗಡಿಯ ಪಾಲಿಶ್ ಮಾಡಿದ ಬಿಳಿ ಬಾರ್ಲಿಯಲ್ಲೂ ಅದು ಸಾಕಷ್ಟು ಉಳಿದಿರುತ್ತದೆ. ರಾತ್ರಿ ನೆನೆಸಿಟ್ಟು ಕುಕ್ಕರಿನಲ್ಲಿ ಬೇಯಿಸಿ, ಅನ್ನದ ಬದಲು ಬಿಸಿಬೇಳೆಬಾತಿಗೆ ಹಾಕಿದರೆ ಮನೆಮಂದಿ ಬಡಿಸಿಕೊಂಡು ತಿನ್ನುತ್ತಾರೆ. ಮಜ್ಜಿಗೆ ಬೆರೆಸಿದ ಗಂಜಿಯೂ ಚೆನ್ನ. ಬೆಂದ ಬಾರ್ಲಿಯನ್ನು ಸೋಸಿ ತಿಳಿನೀರು ಮಾತ್ರ ಕುಡಿಯುವ ರೂಢಿ ನಮ್ಮಲ್ಲಿದೆ. ನಾರಿನ ಬಹುಭಾಗ ಕಾಳಿನಲ್ಲೇ ಉಳಿಯುವುದರಿಂದ ಕಾಳನ್ನೂ ತಿನ್ನಬೇಕು. ಮೊದಮೊದಲು ಹೊಟ್ಟೆ ಉಬ್ಬರಿಸುತ್ತದೆ, ನಿಧಾನವಾಗಿ ಹೆಚ್ಚಿಸಿ.

ಇಸಬ್‌ಗೋಲ್ ಬರೀ ಹೊಟ್ಟು. ಸುಮಾರು 10 ಗ್ರಾಂನಲ್ಲಿ 7 ಗ್ರಾಂನಷ್ಟು ಕರಗುವ ನಾರು ಸಿಗುತ್ತದೆ; 1998ರಲ್ಲಿ ಎಫ್‌ಡಿಎ ಒಪ್ಪಿದ ದಿನದ ಪ್ರಮಾಣವೂ ಅದೇ 7 ಗ್ರಾಂ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹೆಚ್ಚು ಹುಳಿಸುವುದಿಲ್ಲವಾದ್ದರಿಂದ ಗ್ಯಾಸ್ ಕಡಿಮೆ. ಆದರೆ ಅದು ಊಟವಲ್ಲ. ದೊಡ್ಡ ಲೋಟ ನೀರಿಗೆ ಕಲಸಿ ಲೋಳೆ ಗಟ್ಟಿಯಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ನೀರು ಕಡಿಮೆಯಾದರೆ ಗಂಟಲಲ್ಲೇ ಸಿಕ್ಕಿಕೊಳ್ಳಬಹುದು. ಥೈರಾಯ್ಡ್ ಮಾತ್ರೆಯಂಥ ಔಷಧಗಳ ಜೊತೆಗೇ ಕುಡಿಯಬಾರದು, ಅವು ಮೈಗೆ ಹತ್ತುವುದು ಕಡಿಮೆಯಾಗಬಹುದು.

ಈಗ ನನ್ನ ಊಟ ನಿಂತಿರುವುದು ಬಾರ್ಲಿಯ ಮೇಲೆ. ಪ್ರಯಾಣದಲ್ಲಿ, ಮದುವೆಮನೆಗಳ ದಿನಗಳಲ್ಲಿ ಊಟಕ್ಕೆ ಮುಂಚೆ ಇಸಬ್‌ಗೋಲ್. ಮೂರರಲ್ಲಿ ಯಾವುದನ್ನು ಹಿಡಿದರೂ ಸಾಮಾನ್ಯವಾಗಿ ಎಲ್‌ಡಿಎಲ್ ಇಳಿಯುವುದು ಶೇ. 5ರಿಂದ 10. ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದರೆ ಬಾರ್ಲಿ ನೆಚ್ಚಿ ಅದನ್ನು ನಿಲ್ಲಿಸಬೇಡಿ.