ತೂಕ ಇಳಿಸಲು ಹೋಗಿ ಪಿತ್ತಕೋಶ ತೆಗೆಸಿಕೊಂಡೆ: ಶಿರಸಿ ಕಡೆಯ ಅಕ್ಕ-ತಂಗಿಯರು ದಯವಿಟ್ಟು ಓದಿ

ಇದನ್ನು ಬರೆಯಲೋ ಬೇಡವೋ ಎಂದು ಮೂರು ತಿಂಗಳು ಸುಮ್ಮನಿದ್ದೆ. ಪುಡಿ ಕುಡಿಸಿ ತೂಕ ಇಳಿಸುತ್ತೇವೆ ಅನ್ನುವ ಕೇಂದ್ರವೊಂದಕ್ಕೆ ನಾನು ಹೋಗಿದ್ದೆ, ನಮ್ಮ ಓಣಿಯ ಇನ್ನೊಬ್ಬರು ಅದೇ ಮಹಡಿ ಹತ್ತಿ ದುಡ್ಡು ಕಟ್ಟಿ ಬಂದಿದ್ದಾರೆಂದು ಮೊನ್ನೆ ಗೊತ್ತಾಯಿತು. ಇನ್ನು ಸುಮ್ನೆ ಇರುವುದು ತಪ್ಪು ಅನ್ನಿಸಿತು. ಕೇಂದ್ರದ ಹೆಸರು ಹಾಕುವುದಿಲ್ಲ, ಅವರು ಹೇಗೆ ನಡೆಸುತ್ತಾರೆ ಎಂದು ತಿಳಿದಿದ್ದರೆ ಯಾವ ಊರಲ್ಲಾದರೂ ಗುರುತು ಹಿಡಿಯಬಹುದು.

ನನಗೆ 43 ವರ್ಷ. ಎತ್ತರ 5 ಅಡಿ 2 ಇಂಚು, ಆಗ ತೂಕ 81 ಕಿಲೋ. ಎರಡನೇ ಹೆರಿಗೆ ಆದ ಮೇಲೆ ಥೈರಾಯ್ಡ್ ಬಂದಿದೆ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ತಗೊಳ್ಳುತ್ತೇನೆ. ನಮ್ಮದು ತೋಟದ ಮನೆ. ಅಡಿಕೆ ಕೊಯ್ಲು ಶುರುವಾದರೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು ಏಳುವುದು ಊಟಕ್ಕೆ ಮಾತ್ರ. ಕೈ ಸೋಲುತ್ತದೆ, ಬೆನ್ನು ಸೋಲುತ್ತದೆ, ಆದರೆ ಹೊಟ್ಟೆ ಇದ್ದಲ್ಲೇ ಇರುತ್ತದೆ. ಮಂಡಿನೋವೂ ಶುರುವಾಗಿತ್ತು. ಆಗ ನೆಂಟರ ಗೃಹಪ್ರವೇಶದಲ್ಲಿ ಹತ್ತು ಜನರ ಎದುರು ಒಬ್ಬರು, "ಇದೆಂತ ಇಷ್ಟು ದಪ್ಪ ಆಗಿದ್ದೀಯೇ" ಅಂದರು. ಊಟ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೆಲ್ಲಗೆ ಕೈ ಹಿಡಿದು, "ಅಕ್ಕಾ, ಬೇಜಾರು ಮಾಡ್ಕೋಬೇಡಿ, ನಾನೂ ನಿಮ್ಮ ಹಾಗೇ ಇದ್ದೆ" ಎಂದು ಮೊಬೈಲಿನಲ್ಲಿ ತನ್ನ ಹಳೇ ಫೋಟೋ ತೋರಿಸಿದಳು. ನಾನು ಆ ಕೇಂದ್ರಕ್ಕೆ ಹೋಗಿದ್ದು ಆ ಒಂದು ಮಾತಿಗೆ. ಇದನ್ನು ನೆನಪಿಡಿ, ಇವರು ನಮ್ಮನ್ನು ಹಿಡಿಯುವುದು ನಮಗೆ ನಾಚಿಕೆಯಾದ ಹೊತ್ತಿನಲ್ಲೇ.

ಅಲ್ಲಿ ಒಂದು ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. "ನಿಮ್ಮ ದೇಹದ ವಯಸ್ಸು 61" ಅಂದರು. ಎದೆ ಧಸಕ್ ಅಂತು. ಆ ಯಂತ್ರ ಮೈಯೊಳಗೆ ಸಣ್ಣ ಕರೆಂಟ್ ಬಿಟ್ಟು ಕೊಬ್ಬನ್ನು ಅಂದಾಜು ಮಾಡುತ್ತದೆ, ನೀರು ಕುಡಿದರೆ, ಊಟ ಮಾಡಿದರೆ ಅದರ ಲೆಕ್ಕ ಬದಲಾಗುತ್ತದೆ. ನನಗೆ ಇದು ಗೊತ್ತಾಗಿದ್ದು ಎಷ್ಟೋ ದಿನ ಬಿಟ್ಟು.

ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ಪುಡಿ ಕಲಸಿದ ಶೇಕ್. ಮಧ್ಯಾಹ್ನ ಸೌತೆಕಾಯಿ, ಮೊಳಕೆಕಾಳು ಒಂದು ಹಿಡಿ. ಅನ್ನ ಇಲ್ಲ, ತೆಂಗಿನಕಾಯಿ ಇಲ್ಲ, ಎಣ್ಣೆ ತುಪ್ಪ ಒಂದು ಹನಿ ಇಲ್ಲ. ತಿಂಗಳಿಗೆ 7,800 ರೂಪಾಯಿ, ಫೋನಿನಲ್ಲೇ ಹಾಕಬೇಕು, ಬಿಲ್ ಕೊಡುವುದಿಲ್ಲ. ಬೆಳಿಗ್ಗೆ ಆರಕ್ಕೆ ತೂಕದ ಮಾಪಕದ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಕು. ಅರ್ಧ ಕಿಲೋ ಏರಿದ್ದರೆ, "ನಿನ್ನೆ ಏನು ಕದ್ದು ತಿಂದ್ರಿ?" ಎಂದು ನಲವತ್ತು ಜನರ ಎದುರು ಕೇಳುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ತೂಕ ಏರುವುದು ಯಾವ ಹೆಂಗಸಿಗೆ ಗೊತ್ತಿಲ್ಲ ಹೇಳಿ? ಆದರೂ ನಾನು ಆ ಗುಂಪಿನಲ್ಲಿ ಎರಡು ಸಲ ಕ್ಷಮೆ ಕೇಳಿದ್ದೇನೆ. ಈಗ ನೆನೆದರೆ ಅಳು ಬರುತ್ತದೆ.

ನಾನು ಥೈರಾಯ್ಡ್ ಮಾತ್ರೆ ತಗೊಳ್ಳುತ್ತೇನೆ ಎಂದು ಮೊದಲ ದಿನವೇ ಹೇಳಿದ್ದೆ. "ಏನೂ ಆಗಲ್ಲ ಅಕ್ಕಾ, ಇದರಲ್ಲೇ ಅದೂ ವಾಸಿಯಾಗುತ್ತೆ" ಎಂಬ ಉತ್ತರ ಬಂತು. ಪುಡಿ ಸೋಯಾದ್ದು, ಅದಕ್ಕೆ ಕ್ಯಾಲ್ಸಿಯಂ, ಕಬ್ಬಿಣ ಎಲ್ಲ ಸೇರಿಸಿರುತ್ತಾರೆ. ಇವೆಲ್ಲ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತದಂತೆ ತಡೆಯುತ್ತವೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಬೇಕೆಂದು ವೈದ್ಯರು ಹೇಳುತ್ತಾರೆ. ನಾನು ಮಾತ್ರೆ ನುಂಗಿ ಇಪ್ಪತ್ತು ನಿಮಿಷಕ್ಕೆ ಶೇಕ್ ಕುಡಿಯುತ್ತಿದ್ದೆ. ರಕ್ತಪರೀಕ್ಷೆಯಲ್ಲಿ 2.8 ಇದ್ದ ಟಿಎಸ್ಎಚ್ (ಮೈಗೆ ಥೈರಾಯ್ಡ್ ಸಾಲದಾದಾಗ ಏರುವ ಅಂಕಿ) ಮೂರು ತಿಂಗಳಲ್ಲಿ 14 ಆಯಿತು.

ತೂಕ ಇಳಿಯಿತೇ ಎಂದು ಕೇಳುತ್ತೀರಿ. ಇಳಿಯಿತು. ಏಳು ವಾರದಲ್ಲಿ 11 ಕಿಲೋ. ಎಲ್ಲರೂ ಹೊಗಳಿದರು, ಹಳೇ ರವಿಕೆ ಹಿಡಿಯಿತು, ನಾನೂ ಹಿಗ್ಗಿದೆ. ಮೂರನೇ ತಿಂಗಳಿಗೆ ತಲೆ ಬಾಚಿದರೆ ಕೈತುಂಬ ಕೂದಲು. ಬಿಸಿಲಲ್ಲಿ ನಿಂತರೂ ಚಳಿ. ಅತ್ತೆ ದಿನಾ, "ಬೇಡ ತಂಗಿ, ಒಂದು ತುತ್ತು ಉಣ್ಣು" ಅನ್ನುತ್ತಿದ್ದರು. ಗುಂಪಿನಲ್ಲಿ ಹೇಳಿದರೆ, "ಅದು ವಿಷ ಹೊರಗೆ ಹೋಗ್ತಿರೋ ಲಕ್ಷಣ" ಅಂದರು. ಅದೇ ವಾರ, "ನೀವೂ ಕೋಚ್ ಆಗಿ, 40,000 ರೂಪಾಯಿ ಮಾಲು ತಗೊಳ್ಳಿ, ಹತ್ತು ಜನರನ್ನು ತನ್ನಿ" ಎಂದು ಶುರು ಮಾಡಿದರು. ಪುಣ್ಯಕ್ಕೆ ಅಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಒಂದು ಮದುವೆ ಮನೆಯಲ್ಲಿ ಹೋಳಿಗೆ, ತುಪ್ಪ ಉಂಡೆ. ಆ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಬೆನ್ನಿಗೆ, ಭುಜಕ್ಕೆ ಹೋಯಿತು. ಗ್ಯಾಸ್ ಇರಬೇಕೆಂದು ಕಷಾಯ ಮಾಡಿ ಕುಡಿದೆ. ಮೂರನೇ ಸಲ ಬಂದಾಗ ವಾಂತಿ, ಜ್ವರ. ನಮ್ಮ ಜಿಲ್ಲೆಯವರ ಪಾಡು ಗೊತ್ತಲ್ಲ, ಸ್ವಲ್ಪ ಗಂಭೀರ ಅಂದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ನಡುರಾತ್ರಿ ಬಾಡಿಗೆ ಕಾರಿನಲ್ಲಿ ನೂರು ಕಿಲೋಮೀಟರ್. ಸ್ಕ್ಯಾನ್ ಮಾಡಿದರೆ ಪಿತ್ತಕೋಶದ ತುಂಬ ಕಲ್ಲು, ಒಳಗೆ ಸೋಂಕು. ತೆಗೆಯಲೇಬೇಕಾಯಿತು.

ವೈದ್ಯರು ಬಿಡಿಸಿ ಹೇಳಿದರು. ಊಟದಲ್ಲಿ ಸ್ವಲ್ಪ ಕೊಬ್ಬು ಇದ್ದರೆ ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗುತ್ತದೆ. ಕೊಬ್ಬೇ ಇಲ್ಲದಿದ್ದರೆ ಪಿತ್ತರಸ ಅಲ್ಲೇ ನಿಲ್ಲುತ್ತದೆ. ಅತ್ತ ಮೈಕೊಬ್ಬು ಬೇಗ ಕರಗುವಾಗ ಪಿತ್ತಜನಕಾಂಗ ಹೆಚ್ಚು ಕೊಲೆಸ್ಟ್ರಾಲನ್ನು ಪಿತ್ತರಸಕ್ಕೆ ಬಿಡುತ್ತದೆ. ಎರಡೂ ಸೇರಿ ಕಲ್ಲು. ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ಇಳಿದರೆ ಈ ಅಪಾಯ ಹೆಚ್ಚು. ನಲವತ್ತು ದಾಟಿದ, ದಪ್ಪಗಿರುವ ಹೆಂಗಸರಿಗೆ ಕಲ್ಲು ಹೇಗೂ ಬರಬಹುದು, ಪುಡಿಯೊಂದೇ ಕಾರಣ ಎಂದು ಹೇಳಲಾಗದು ಎಂದೂ ಅವರು ಅಂದರು. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ. ಪುಡಿ ಬಿಟ್ಟ ಐದು ತಿಂಗಳಲ್ಲಿ 9 ಕಿಲೋ ವಾಪಸ್ ಬಂತು.

ಅದೇ ಆಸ್ಪತ್ರೆಯ ಆಹಾರ ತಜ್ಞೆ ನನ್ನ ಜೊತೆ ಮುಕ್ಕಾಲು ಗಂಟೆ ಕೂತರು. ಎಷ್ಟು ಜನಕ್ಕೆ ಅಡುಗೆ, ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ, ದಿನಕ್ಕೆ ಎಷ್ಟು ಕಾಯಿ ಒಡೆಯುತ್ತೀರಿ, ರಾತ್ರಿ ಊಟ ಎಷ್ಟು ಹೊತ್ತಿಗೆ, ಉಳಿದದ್ದನ್ನು ಯಾರು ತಿನ್ನುತ್ತಾರೆ. ಕೊನೆಯ ಪ್ರಶ್ನೆಗೆ ನಾನು ಅತ್ತುಬಿಟ್ಟೆ. ಹಾಳಾಗಬಾರದೆಂದು ಪಾತ್ರೆ ಖಾಲಿ ಮಾಡುವವಳು ನಾನೇ ಅಲ್ವಾ. ನಾಲ್ಕು ತಿಂಗಳು 31,200 ರೂಪಾಯಿ ತಗೊಂಡವರು ನಮ್ಮ ಮನೆಯಲ್ಲಿ ಏನು ಬೇಯುತ್ತದೆ ಎಂದು ಒಂದು ದಿನ ಕೇಳಿರಲಿಲ್ಲ. ಯಾರಾದರೂ ನಿಮ್ಮ ತೂಕ ಇಳಿಸುತ್ತೇನೆ ಎಂದು ಬಂದರೆ ಅವರು ಈ ಪ್ರಶ್ನೆ ಕೇಳುತ್ತಾರೋ ನೋಡಿ. ಕೇಳದೆ ಡಬ್ಬಿ ಮುಂದಿಟ್ಟರೆ ಎದ್ದು ಬನ್ನಿ.

ನಾನು ಆಗ ಕುಡಿಯುತ್ತಿದ್ದದ್ದು ದಿನಕ್ಕೆ ಐದು ಲೋಟ ಕಷಾಯ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಂದರೆ 50 ಗ್ರಾಂ, ಹೆಚ್ಚುಕಡಿಮೆ 200 ಕ್ಯಾಲೊರಿ. ಆಹಾರ ತಜ್ಞೆ ಅದನ್ನು ಲೆಕ್ಕ ಹಾಕಿ ತೋರಿಸಿದಾಗಲೇ ನನಗೆ ಕಂಡಿದ್ದು. ಈಗ ಎರಡು ಲೋಟ, ಸಕ್ಕರೆ ಇಲ್ಲ. ತೆಳ್ಳೇವು (ತೆಳು ದೋಸೆ) ಬಿಟ್ಟಿಲ್ಲ, ಆರು ಇದ್ದದ್ದು ಮೂರಾಗಿದೆ, ಜೋನಿಬೆಲ್ಲದ ಬದಲು ಹೆಸರುಕಾಳಿನ ಪಲ್ಯ. ಅನ್ನ ಒಂದು ಸೌಟು, ತಂಬುಳಿ ಮಜ್ಜಿಗೆ ಮೊದಲಿನ ಹಾಗೇ, ತರಕಾರಿ ಅರ್ಧ ಬಟ್ಟಲು. ಕೊಯ್ಲಿನಲ್ಲಿ ಗಂಟೆಗೊಮ್ಮೆ ಎದ್ದು ತೋಟದ ತುದಿವರೆಗೆ ನಡೆದು ಬರುತ್ತೇನೆ. ಆರು ತಿಂಗಳಲ್ಲಿ 4 ಕಿಲೋ ಇಳಿದಿದೆ. ಕಡಿಮೆ ಅನ್ನಿಸಬಹುದು, ಆದರೆ ಮಂಡಿನೋವು ಕಡಿಮೆಯಾಗಿದೆ, ಟಿಎಸ್ಎಚ್ ಸರಿಯಾಗಿದೆ.

ಡಬ್ಬಿ ಮೇಲೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆ, ಸರ್ಕಾರವೇ ಒಪ್ಪಿದೆ ಅನ್ನುತ್ತಾರೆ. ಆ 14 ಅಂಕಿಯ ನಂಬರ್ ಆಹಾರ ಮಾರುವ ಪರವಾನಗಿಯದ್ದು, ತೂಕ ಇಳಿಯುತ್ತದೆ, ಥೈರಾಯ್ಡ್ ವಾಸಿಯಾಗುತ್ತದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ವಾಸಿಯಾಗುವ ಮಾತು ಡಬ್ಬಿ ಮೇಲೆ ಎಲ್ಲೂ ಇಲ್ಲ, ಬಾಯಲ್ಲಿ ಮಾತ್ರ. ಹಣ ಕೊಟ್ಟಿದ್ದರೆ ಬಿಲ್ ಕೇಳಿ, ಫೋನಿನ ಪಾವತಿ ದಾಖಲೆ ಅಳಿಸಬೇಡಿ, ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಈಗಾಗಲೇ ಕುಡಿಯುತ್ತಿದ್ದು ಬಲಪಕ್ಕೆಯಲ್ಲಿ ನೋವು ಬರುತ್ತಿದ್ದರೆ ಗ್ಯಾಸ್ ಎಂದು ತಡ ಮಾಡಬೇಡಿ, ಸ್ಕ್ಯಾನ್ ಮಾಡಿಸಿ.

ನಮ್ಮ ಓಣಿಯ ಆ ಇನ್ನೊಬ್ಬರೂ ಥೈರಾಯ್ಡ್ ಮಾತ್ರೆ ತಗೊಳ್ಳುವವರೇ. ನಾಳೆ ಬೆಳಿಗ್ಗೆ ಅವರು ಲೋಟ ಎತ್ತುವ ಮೊದಲೇ ನನ್ನ ರಿಪೋರ್ಟಿನ ಫೈಲ್ ಹಿಡಿದು ಅವರ ಮನೆಗೆ ಹೋಗುತ್ತಿದ್ದೇನೆ.