ಉಪ್ಪುಗಾಳಿಯ ಊರಿನಲ್ಲಿ ರಾಜದೂತ್ 350: ತುಕ್ಕು, ಲೇಪ, ಎಣ್ಣೆ

ಕಾರವಾರದ ಕೋಡಿಬಾಗದಲ್ಲಿ ಸೋದರಮಾವನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹನ್ನೊಂದು ಮಳೆಗಾಲ ನಿಂತೇ ಕಳೆದಿದ್ದ ರಾಜದೂತ್ 350 ಬೈಕನ್ನು ನಾನು ಮನೆಗೆ ತಂದಾಗ, ಅದರ ಬಲಗಡೆಯ ಸೈಲೆನ್ಸರ್ ಕೈಯಲ್ಲೇ ಪುಡಿಯಾಯಿತು. ಯಮಹಾದ ಆರ್‌ಡಿ 350ರ ಭಾರತೀಯ ರೂಪವಾದ ಈ ಬೈಕನ್ನು ಎಸ್ಕಾರ್ಟ್ಸ್ ಸಂಸ್ಥೆ 1983ರಲ್ಲಿ ಮಾರುಕಟ್ಟೆಗೆ ತಂದಿತು. 347 ಸಿಸಿಯ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ನು, ಆರು ಗೇರು ಮತ್ತು ಸುಮಾರು 30 ಅಶ್ವಶಕ್ತಿಯಿದ್ದ ಈ ಗಾಡಿ ಅಂದಿನ ನಮ್ಮ ರಸ್ತೆಗಳಿಗೂ ಜೇಬುಗಳಿಗೂ ಹೆಚ್ಚೇ ಆಯಿತು. ಮೈಲೇಜಿನ ಲೆಕ್ಕ ಹಾಕುವ ಜನ ಇದನ್ನು ದೂರದಿಂದ ನೋಡಿ ಮೆಚ್ಚಿದರೇ ಹೊರತು ಕೊಳ್ಳಲಿಲ್ಲ. ಆದ್ದರಿಂದಲೇ ಇಂದು ಇದರ ಬಿಡಿಭಾಗಗಳು ವಿರಳವಾಗಿವೆ, ಒಂದು ಭಾಗವನ್ನು ಕೆಡಿಸಿಕೊಂಡರೆ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ.

ಈ ಕಾರಣದಿಂದ ಯಾವ ವಿಧಾನವನ್ನೂ ನೇರವಾಗಿ ಬೈಕಿನ ಮೇಲೆ ಪ್ರಯೋಗಿಸಬಾರದೆಂದು ನಿರ್ಧರಿಸಿದೆ. ಪುಡಿಯಾಗಿದ್ದ ಹಳೆಯ ಮಡ್‌ಗಾರ್ಡಿನ ತಗಡನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಚಿಕಿತ್ಸೆ ಮಾಡಿ, ಸಮುದ್ರದ ಕಡೆಗೆ ಮುಖ ಮಾಡಿರುವ ಜಗುಲಿಯ ಸೂರಿನಡಿ ಜೂನ್ ಮೊದಲ ವಾರದಲ್ಲಿ ದಾರ ಕಟ್ಟಿ ತೂಗಿಹಾಕಿದೆ. ಸೆಪ್ಟೆಂಬರ್ ಕೊನೆಗೆ ಇಳಿಸಿ ನೋಡಿದೆ. ಅಂಗಳಕ್ಕೆ ಬಂದವರೆಲ್ಲ ಅದೇನು ದೃಷ್ಟಿಗೆ ಕಟ್ಟಿದ್ದೋ ಎಂದು ಕೇಳಿದರು. ಒಳನಾಡಿನವರ ಅನುಭವದ ಮಾತುಗಳು ಇಲ್ಲಿ ಎಷ್ಟರಮಟ್ಟಿಗೆ ನಡೆಯುತ್ತವೆ ಎಂಬುದನ್ನು ಆ ತುಂಡುಗಳು ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಲಿಲ್ಲ.

ತುಕ್ಕು ತೆಗೆಯಲು ನಾನು ನಾಲ್ಕು ದಾರಿಗಳನ್ನು ಹೋಲಿಸಿದೆ. ಮೊದಲನೆಯದು ಗ್ಯಾರೇಜುಗಳಲ್ಲಿ ಎಲ್ಲರೂ ಹೇಳುವ, ಬಚ್ಚಲು ತೊಳೆಯುವ ಆಸಿಡ್. ಹತ್ತು ನಿಮಿಷದಲ್ಲಿ ತಗಡು ಬೆಳ್ಳಿಯಂತಾಗುತ್ತದೆ, ನೋಡಿದವರು ಮರುಳಾಗುತ್ತಾರೆ. ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಎಷ್ಟು ತೊಳೆದರೂ ಸಂದುಗಳಲ್ಲಿ ಕ್ಲೋರೈಡ್ ಉಳಿಯುತ್ತದೆ, ಮತ್ತು ಸಮುದ್ರದ ಗಾಳಿ ಕಬ್ಬಿಣವನ್ನು ತಿನ್ನುವುದಕ್ಕೂ ಅದೇ ಕ್ಲೋರೈಡ್ ಕಾರಣ. ಸಂಜೆ ತೊಳೆದು ಒರೆಸಿಟ್ಟ ತುಂಡು ಮರುದಿನ ಬೆಳಿಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ಬಾಟಲಿಯನ್ನು ಬಚ್ಚಲಿಗೇ ಮರಳಿಸಿದೆ.

ಎರಡನೆಯದು ಫಾಸ್ಫಾರಿಕ್ ಆಮ್ಲ. ಇದು ತುಕ್ಕನ್ನು ಕರಗಿಸುವುದರ ಜೊತೆಗೆ ಉಳಿದದ್ದನ್ನು ಬೂದು-ಕಪ್ಪು ಬಣ್ಣದ ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ; ಆ ಪದರದ ಮೇಲೆ ಪ್ರೈಮರ್ ಚೆನ್ನಾಗಿ ಹಿಡಿಯುತ್ತದೆ. ಆದರೆ ದಪ್ಪ ತುಕ್ಕಿನ ಹೊಪ್ಪಳೆಯ ಕೆಳಗೆ ಅದು ಇಳಿಯುವುದಿಲ್ಲ, ಮೊದಲು ತಂತಿಯ ಬ್ರಶ್‌ನಿಂದ ಉಜ್ಜಲೇಬೇಕು. ಹಾಗೆಯೇ ಬಣ್ಣ ಹಚ್ಚದೆ ಬಿಟ್ಟರೆ ಆ ಪದರ ನಮ್ಮ ಊರಿನಲ್ಲಿ ಒಂದು ವಾರವೂ ಕಾಯುವುದಿಲ್ಲ.

ಮೂರನೆಯದಾದ ವಿದ್ಯುದ್ವಿಭಜನೆಗೆ ಬೇಕಾದುದು ಪ್ಲಾಸ್ಟಿಕ್ ಡ್ರಮ್, ಲೀಟರಿಗೆ ಒಂದು ಚಮಚದಷ್ಟು ವಾಷಿಂಗ್ ಸೋಡಾ ಮತ್ತು 12 ವೋಲ್ಟಿನ ಬ್ಯಾಟರಿ ಚಾರ್ಜರ್ ಮಾತ್ರ. ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೂ ಧನ ತಂತಿಯನ್ನು ಬೇಡವಾದ ಕಬ್ಬಿಣದ ಸರಳಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಗಲದಂತೆ ಮುಳುಗಿಸಿಟ್ಟರೆ, ಒಂದು ರಾತ್ರಿಯಲ್ಲಿ ತುಕ್ಕು ಸಡಿಲಗೊಂಡು ಕಪ್ಪು ಕೆಸರಾಗಿ ಉದುರುತ್ತದೆ. ಒಳ್ಳೆಯ ಲೋಹಕ್ಕೆ ಏನೂ ಆಗುವುದಿಲ್ಲ. ಸರಳು ಸ್ಟೇನ್‌ಲೆಸ್ ಸ್ಟೀಲಿನದ್ದಾಗಿರಬಾರದು, ಏಕೆಂದರೆ ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಅನಿಲ ಏಳುವುದರಿಂದ ಈ ಕೆಲಸವನ್ನು ಬಯಲಿನಲ್ಲೇ ಮಾಡಬೇಕು. ಸ್ಟ್ಯಾಂಡು, ಬ್ರೇಕಿನ ಕಡ್ಡಿ, ಫುಟ್‌ರೆಸ್ಟುಗಳಿಗೆ ಇದಕ್ಕಿಂತ ಉತ್ತಮವಾದುದನ್ನು ನಾನು ಕಾಣಲಿಲ್ಲ. ಆದರೆ ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲಿ ಇದು ಸೋತಿತು. ಟ್ಯಾಂಕು ಫ್ರೇಮಿನ ಕೊಳವೆಯ ಎರಡೂ ಬದಿಗೆ ಕುದುರೆಯ ಜೀನಿನಂತೆ ಇಳಿದಿರುವುದರಿಂದ, ಮುಚ್ಚಳದ ಬಾಯಿಯಿಂದ ಇಳಿಬಿಟ್ಟ ಸರಳು ಎರಡೂ ಮೂಲೆಗಳನ್ನು ನೇರವಾಗಿ ನೋಡುವುದಿಲ್ಲ. ಸರಳಿಗೆ ಎದುರಾಗಿ ಇಲ್ಲದ ಜಾಗದಲ್ಲಿ ಈ ವಿಧಾನದ ಪ್ರಭಾವ ಬಹಳ ಕಡಿಮೆ.

ನಾಲ್ಕನೆಯದನ್ನು ಸೂಚಿಸಿದವರು ಶಿರಸಿಯ ಕಡೆಯ ನೆಂಟರು. ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಾಕಂಬಿಯನ್ನು ನೀರಿನಲ್ಲಿ ಕಲಸಿ ತುಕ್ಕು ಬಿಡಿಸುವ ಪದ್ಧತಿ ಹಳೆಯದು. ಅದರಲ್ಲಿರುವ ಸಾವಯವ ಪದಾರ್ಥಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಕಾಕಂಬಿ ಕೈಗೆ ಸಿಗದಿದ್ದಾಗ, ಹುಳಿ ಬಂದು ತಿನ್ನಲು ಬಾರದ ಹಳೆಯ ಜೋನಿಬೆಲ್ಲದ ಡಬ್ಬಿಯನ್ನೇ ಅವರು ಕೊಟ್ಟು ಕಳಿಸಿದರು. ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಟ್ಯಾಂಕಿನ ಕತ್ತಿನವರೆಗೆ ತುಂಬಿ ಹದಿನೆಂಟು ದಿನ ಇಟ್ಟೆ. ವಾಸನೆಯನ್ನು ವರ್ಣಿಸುವುದು ಬೇಡ, ಇರುವೆಗಳ ಸಾಲು ಅಂಗಳ ದಾಟಿ ಬಂದಿತ್ತು. ಆದರೆ ದ್ರವವು ತಾನೇ ಎಲ್ಲ ಮೂಲೆಗೂ ತಲುಪುವುದರಿಂದ, ಟಾರ್ಚು ಹಾಕಿ ನೋಡಿದಾಗ ಬೆಸುಗೆಯ ಅಂಚಿನವರೆಗೂ ಬೂದು ಬಣ್ಣದ ಶುದ್ಧ ಲೋಹ ಕಂಡಿತು. ನಿಧಾನವೇ ಇದರ ಮುಖ್ಯ ದೋಷ. ಅಲ್ಯೂಮಿನಿಯಂ ಮತ್ತು ಸತುವಿನ ಮಿಶ್ರಲೋಹದ ಭಾಗಗಳನ್ನಂತೂ ಇದರಲ್ಲಿ ಮುಳುಗಿಸಬಾರದು.

ಹೊರಮೈಯ ಲೇಪದ ಹೋಲಿಕೆ ಇಷ್ಟು ದೀರ್ಘವಾಗಲಿಲ್ಲ. ರಿಮ್ಮುಗಳಿಗೆ ಹೊಸದಾಗಿ ಕ್ರೋಮಿಯಂ ಹಾಕಿಸಲು ಹೊರ ಊರಿನ ಒಂದು ಅಂಗಡಿಗೆ ಕೊಟ್ಟೆ. ಹೊಳಪು ಕನ್ನಡಿಯಂತೆ ಬಂದಿತು, ಎರಡು ತಿಂಗಳಲ್ಲಿ ಕಡ್ಡಿಗಳ ಬುಡದಲ್ಲಿ ಸಾಸಿವೆಯಂಥ ಕಂದು ಚುಕ್ಕೆಗಳೂ ಬಂದವು. ಹೊಳೆಯುವ ಕ್ರೋಮಿಯಂ ಒಂದು ಮೈಕ್ರಾನಿಗಿಂತಲೂ ತೆಳುವಾಗಿ, ಸೂಕ್ಷ್ಮ ಬಿರುಕುಗಳಿಂದ ಕೂಡಿರುತ್ತದೆ. ತುಕ್ಕನ್ನು ತಡೆಯುವುದು ಅದರ ಅಡಿಯ ನಿಕ್ಕಲ್. ಆ ನಿಕ್ಕಲ್ ಪದರದ ದಪ್ಪವನ್ನು ಮೊದಲೇ ಕೇಳಿ ಬರೆಸಿಕೊಳ್ಳದಿದ್ದುದು ನನ್ನ ತಪ್ಪು. ಬಣ್ಣದ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸುವ ಪೌಡರ್ ಕೋಟಿಂಗ್ ಗಟ್ಟಿಯಾಗಿರುವುದು ನಿಜ, ಆದರೆ ನಾನು ಬೇಕೆಂದೇ ಗೀರಿದ ತುಂಡಿನಲ್ಲಿ ಉಪ್ಪುನೀರು ಗೀರಿನೊಳಗೆ ನುಸುಳಿ, ಲೇಪವು ಹಪ್ಪಳದಂತೆ ಎದ್ದಿತ್ತು. ಮೇಲೆ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಎಪಾಕ್ಸಿ ಪ್ರೈಮರಿನ ಮೇಲೆ ಹಚ್ಚಿದ ಸಾಮಾನ್ಯ ಬಣ್ಣದ ತುಂಡಿನಲ್ಲಿ ಗೀರಿದ ಜಾಗವಷ್ಟೇ ಕೆಂಪಾಗಿತ್ತು. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಕುಂಚ ಹಿಡಿದು ನಾವೇ ಸರಿಪಡಿಸಬಹುದು. ಬೈತಖೋಲ ಬಂದರಿನಲ್ಲಿ ದೋಣಿಯ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುವ ಹಿರಿಯರೊಬ್ಬರು ತುಂಡುಗಳನ್ನು ತಿರುಗಿಸಿ ನೋಡಿ, "ಮುಚ್ಚಿಡುವ ಬಣ್ಣ ಬೇಡ ತಮ್ಮಾ, ತೋರಿಸುವ ಬಣ್ಣ ಹಚ್ಚು" ಎಂದರು. ಫ್ರೇಮಿಗೆ ಅದನ್ನೇ ಮಾಡಿದೆ.

ಇಗ್ನಿಷನ್ನಿನಲ್ಲಿ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆಯಲ್ಲಿ, ತೆರೆದು ಮುಚ್ಚುವ ಹಳೆಯ ಪಾಯಿಂಟುಗಳಿಗೂ ಎಲೆಕ್ಟ್ರಾನಿಕ್ ಕಿಟ್ಟಿಗೂ ನಡುವೆ ಹೆಚ್ಚು ಯೋಚಿಸಲಿಲ್ಲ. ಒಂದೊಂದು ಸಿಲಿಂಡರಿಗೆ ಒಂದೊಂದು ಜೊತೆ ಪಾಯಿಂಟು ಇರುವುದರಿಂದ ಮಳೆಗಾಲದ ತೇವದಲ್ಲಿ ಎರಡನ್ನೂ ಪದೇಪದೇ ಉಜ್ಜಬೇಕಾಗುತ್ತಿತ್ತು. ಕಿಟ್ಟು ಹಾಕಿದೆ, ಹಳೆಯ ಪಾಯಿಂಟಿನ ಪ್ಲೇಟನ್ನು ಸೀಟಿನಡಿ ಇಟ್ಟುಕೊಂಡಿದ್ದೇನೆ. ಅಂಕೋಲೆಯ ಆಚೆ ಕಿಟ್ಟು ಕೈಕೊಟ್ಟರೆ ಅದಕ್ಕೆ ಮದ್ದು ಬಲ್ಲವರು ಯಾರೂ ಇಲ್ಲ.

ಎಣ್ಣೆಯ ವಿಚಾರದಲ್ಲಿ ಮಾತ್ರ ಇಂದಿಗೂ ಸ್ನೇಹಿತರೊಂದಿಗೆ ವಾದ ಮುಗಿದಿಲ್ಲ. ಟೂ ಸ್ಟ್ರೋಕ್ ಇಂಜಿನ್ನಿನ ಒಳಭಾಗಗಳು ಸವೆಯದಂತೆ ಕಾಯುವ ಎಣ್ಣೆ ಪೆಟ್ರೋಲಿನ ಜೊತೆಗೇ ಒಳಹೋಗಿ ಉರಿಯುತ್ತದೆ. ಆಟೋಲ್ಯೂಬ್ ಎಂಬ ಪಂಪು ಪ್ರತ್ಯೇಕ ಡಬ್ಬಿಯ ಟೂ ಸ್ಟ್ರೋಕ್ ಎಣ್ಣೆಯನ್ನು ಇಂಜಿನ್ನಿನ ವೇಗಕ್ಕೂ ಎಕ್ಸಿಲರೇಟರಿನ ತಿರುವಿಗೂ ಅನುಗುಣವಾಗಿ ಇಂಜಿನ್ನಿಗೆ ಕೊಡುತ್ತದೆ. ಪಂಪನ್ನು ಕಿತ್ತುಹಾಕಿ ಪೆಟ್ರೋಲಿನಲ್ಲೇ ಲೀಟರಿಗೆ 40 ಮಿಲಿ ಎಣ್ಣೆ ಕಲಸುವವರೇ ಹೆಚ್ಚು, ಏಕೆಂದರೆ ಪಂಪು ಕೆಟ್ಟರೆ ಅಥವಾ ಕೊಳವೆಯಲ್ಲಿ ಗಾಳಿ ಸೇರಿದರೆ ಯಾವ ಸೂಚನೆಯೂ ಇಲ್ಲದೆ ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿ ಹಿಡಿದುಬಿಡುತ್ತದೆ. ನಾನು ಎರಡನ್ನೂ ಒಂದೊಂದು ಋತು ನಡೆಸಿ ನೋಡಿದೆ. ಕಲಸಿದ ಎಣ್ಣೆಗೆ ಇಲ್ಲಿ ಒಂದು ಅನಿರೀಕ್ಷಿತ ಗುಣವಿದೆ: ಟ್ಯಾಂಕಿನ ಒಳಗೋಡೆಗೆ ಎಣ್ಣೆಯ ತೆಳುಪದರ ಸದಾ ಅಂಟಿಕೊಂಡಿರುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದ್ದು ಅದು ಗಾಳಿಯ ತೇವವನ್ನು ಹೀರುವುದರಿಂದ, ಕರಾವಳಿಯಲ್ಲಿ ಈ ಪದರ ಚಿಕ್ಕ ವಿಷಯವಲ್ಲ. ಟ್ಯಾಂಕಿನೊಳಗೆ ಎಪಾಕ್ಸಿ ಲೇಪ ಹಾಕಿಸುವುದನ್ನು ಹಳೆಯ ಸ್ಕೂಟರಿನಲ್ಲಿ ಮಾಡಿ, ಅದರ ಚೂರುಗಳನ್ನು ಕಾರ್ಬೋರೇಟರಿನ ಜೆಟ್ಟಿನಿಂದ ಹೆಕ್ಕಿದವನಾದ್ದರಿಂದ ಆ ದಾರಿಗೆ ಮತ್ತೆ ಹೋಗಲಿಲ್ಲ.

ಆದರೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬರುವಾಗ ಲೆಕ್ಕ ತಿರುಗುಮುರುಗಾಗುತ್ತದೆ. ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿ, ಗೇರಿನಲ್ಲೇ ವೇಗ ತಡೆಯುತ್ತ ಇಳಿದರೆ ಚಕ್ರ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ, ಪೆಟ್ರೋಲು ಮಾತ್ರ ಬಹುತೇಕ ನಿಂತಿರುತ್ತದೆ. ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆಯೂ ಅಷ್ಟೇ. ಪಂಪಾದರೆ ಇಂಜಿನ್ನು ತಿರುಗಿದಷ್ಟೂ ಸ್ವಲ್ಪವಾದರೂ ಎಣ್ಣೆ ಕೊಡುತ್ತಲೇ ಇರುತ್ತದೆ. ಕಲಸಿದ ಎಣ್ಣೆಯ ಋತುವಿನಲ್ಲಿ ಘಟ್ಟದ ನಡುವೆ ಆಗಾಗ ಕ್ಲಚ್ ಹಿಡಿದು ಎಕ್ಸಿಲರೇಟರ್ ತಿರುವುವುದೇ ನನ್ನ ಕೆಲಸವಾಗಿತ್ತು. ಕೊನೆಗೆ ಪಂಪನ್ನೇ ಉಳಿಸಿಕೊಂಡು, ಒಳಗಿನ ಗಾಳಿಗುಳ್ಳೆ ಕಾಣುವಂತೆ ಪಾರದರ್ಶಕ ಕೊಳವೆ ಹಾಕಿಸಿ, ಟ್ಯಾಂಕಿಗಾಗಿ ಮಾತ್ರ ಲೀಟರಿಗೆ 10 ಮಿಲಿ ಎಣ್ಣೆ ಬೆರೆಸುತ್ತಿದ್ದೇನೆ. ಹೊಗೆ ತುಸು ಹೆಚ್ಚು, ಪ್ಲಗ್ಗುಗಳು ಬೇಗ ಕಪ್ಪಾಗುತ್ತವೆ. ಎರಡನೆಯ ಮಳೆಗಾಲ ಕಳೆದ ಮೇಲೆ ಸೈಲೆನ್ಸರ್ ಬಿಚ್ಚಿ ನೋಡಿದಾಗ ಎರಡೂ ಪಿಸ್ಟನ್ನುಗಳ ಮೈಯಲ್ಲಿ ಗೀರಿರಲಿಲ್ಲ. ಟ್ಯಾಂಕಿನ ತಳದ ಬೆಸುಗೆಯಲ್ಲಿ ಮಾತ್ರ ಉಗುರಿನಷ್ಟು ಕಂದು ಬಣ್ಣ ಕಾಣಿಸಿಕೊಂಡಿದೆ. ಜೋನಿಬೆಲ್ಲದ ಡಬ್ಬಿಯನ್ನು ಇನ್ನೂ ಎಸೆದಿಲ್ಲ.